ಮೂವತ್ತು ವರ್ಷ ಕಾಪಾಡಿದ ತಪ್ಪು

ವೇದಿಕೆಯ ಮೇಲಿರುವ ಮಾನ್ಯ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಚಿಪ್ ವಿಭಾಗದ ಮತ್ತು ಸಾಫ್ಟ್‌ವೇರ್ ವಿಭಾಗದ ಗೆಳೆಯರೇ, ಊಟದ ವಾಸನೆ ಬಂದಮೇಲೂ ಕದಲದೆ ಕುಳಿತಿರುವ ಧೈರ್ಯಶಾಲಿ ಸಭಿಕರೇ,

ಸನ್ಮಾನ ಮಾಡಿದ್ದೀರಿ, ಸಂತೋಷ. ಜೊತೆಗೆ, ಮುಂದೆ ಚಿಪ್‌ಗಳ ವಿನ್ಯಾಸ ಹೇಗಿರುತ್ತದೆ, ಅದರಿಂದ ಸಾಫ್ಟ್‌ವೇರ್ ಏನಾಗುತ್ತದೆ ಎಂದು ಮಾತಾಡಿ ಅಂದಿದ್ದೀರಿ. ನಾಳೆಯ ಬಗ್ಗೆ ಮಾತಾಡುವಷ್ಟು ಸುಲಭ ಬೇರೆ ಏನಿದೆ ಹೇಳಿ? ಚಿಪ್ ಇನ್ನೂ ಚಿಕ್ಕದಾಗುತ್ತದೆ, ಇನ್ನೂ ಚುರುಕಾಗುತ್ತದೆ, ಒಂದೊಂದು ಕೆಲಸಕ್ಕೂ ಒಂದೊಂದು ಚಿಪ್ ಬರುತ್ತದೆ. ಸಾಫ್ಟ್‌ವೇರ್‌ನವರು ಆ ವೇಗವನ್ನೆಲ್ಲ ನುಂಗಿ ನೀರು ಕುಡಿದು, "ಏನ್ ಸಾರ್, ನಿಮ್ಮ ಚಿಪ್ ಇಷ್ಟು ನಿಧಾನ?" ಅನ್ನುತ್ತಾರೆ. ಮುಗಿಯಿತು ನಾಳೆ.

ಆದರೆ ನಾಳೆಯ ಚಿಪ್‌ನೊಳಗೆ ನಿನ್ನೆಯದು ಎಷ್ಟಿರುತ್ತದೆ, ಗೊತ್ತೇ?

ಮೂವತ್ತು ವರ್ಷದ ಹಿಂದೆ ಬಟ್ಟೆ ಒಗೆಯುವ ಯಂತ್ರಕ್ಕೆ ನಮ್ಮ ಕಂಪನಿಯ ಮೊದಲ ಚಿಪ್ ವಿನ್ಯಾಸ ಮಾಡಿದವನು ನಾನು. ಅದರಲ್ಲೊಂದು ತಪ್ಪು ಮಾಡಿದೆ. ಯಾವ ಆಜ್ಞೆ ಕೊಟ್ಟರೂ ಅದು ಮೊದಲ ಸಲ ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಎರಡನೇ ಸಲ ಹೇಳಿದರೆ ಮಾತ್ರ ಕೆಲಸ. ನನ್ನ ಹೆಂಡತಿ ನನ್ನ ಮೇಲೂ ಇದೇ ದೂರು ಹೇಳುತ್ತಾಳೆ, ಇರಲಿ. ತಪ್ಪು ನನಗೆ ಗೊತ್ತಾಗುವ ಹೊತ್ತಿಗೆ ಸಾವಿರಗಟ್ಟಲೆ ಚಿಪ್ ತಯಾರಾಗಿದ್ದವು. ಅದಕ್ಕೆ ಸಾಫ್ಟ್‌ವೇರ್ ಬರೆಯುತ್ತಿದ್ದವಳು ನನ್ನ ಸ್ವಂತ ಅಕ್ಕ. ಇಗೋ, ಮೂರನೇ ಸಾಲಿನಲ್ಲಿದ್ದಾಳೆ. ಯಾರ ಮುಂದೆಯೂ ತುಟಿ ಪಿಟಕ್ಕೆನ್ನದೆ ಪ್ರತಿ ಆಜ್ಞೆಯನ್ನೂ ಎರಡೆರಡು ಸಲ ಬರೆದಳು. ಯಂತ್ರ ನಡೆಯಿತು.

ಆಗಿನ ಮ್ಯಾನೇಜರ್ ಅದನ್ನು ನೋಡಿ ಕೆಂಡವಾದರು. "ಏನಮ್ಮಾ ಇದು, ಬರೆದದ್ದನ್ನೇ ಬರೆದಿದ್ದೀಯ? ಗಮನ ಎಲ್ಲಿತ್ತು?" ಅಕ್ಕ "ನನ್ನದೇ ತಪ್ಪು ಸಾರ್" ಅಂದುಬಿಟ್ಟಳು. ನಾನು ಪಕ್ಕದಲ್ಲೇ ನಿಂತಿದ್ದೆ. ಹೊರಗೆ ಬಂದಮೇಲೆ, "ನೀನು ಸುಮ್ಮನಿರೋ. ನಿನ್ನ ಕೆಲಸ ಇನ್ನೂ ಖಾಯಂ ಆಗಿಲ್ಲ, ಮುಂದಿನ ತಿಂಗಳು ನಿನ್ನ ಮದುವೆ ಬೇರೆ" ಅಂದಳು. ಸುಮ್ಮನಾದೆ. ಅವಳ ಕಡತದಲ್ಲಿ 'ನಿರ್ಲಕ್ಷ್ಯ' ಎಂದು ಬರೆದು ಮೂರು ಸಲ ಬಡ್ತಿ ತಪ್ಪಿಸಿದಾಗಲೂ ಬಾಯಿ ಬಿಡಲಿಲ್ಲ.

ಮುಂದಿನ ಚಿಪ್‌ನಲ್ಲಿ ತಿದ್ದಬಹುದಿತ್ತಲ್ಲ ಅನ್ನುತ್ತೀರಾ? ಅಯ್ಯೋ, ತಿದ್ದಿದರೆ ಅದೇ ಹಳೆಯ ಸಾಫ್ಟ್‌ವೇರ್ ಎರಡು ಸಲ ಹೇಳಿದ್ದನ್ನು ಚಿಪ್ ಎರಡು ಸಲವೂ ಮಾಡುತ್ತದೆ! ಎರಡು ಪಟ್ಟು ನೀರು ಬಿಟ್ಟು ಮನೆಯೆಲ್ಲ ಕೆರೆ. ಸಾಫ್ಟ್‌ವೇರನ್ನೂ ಬದಲಿಸೋಣ ಅಂದರೆ ಕಾರಣ ಹೇಳಬೇಕು. ಹಾಗಾಗಿ ಆಮೇಲಿನ ಹನ್ನೊಂದು ಚಿಪ್‌ಗಳಲ್ಲೂ ಆ ತಪ್ಪನ್ನು ಜೋಪಾನವಾಗಿ ಕೂರಿಸಿದೆ. ಈಗಷ್ಟೇ ಅಭಿನಂದನಾಪತ್ರದಲ್ಲಿ 'ಹಳೆಯ ಸಾಫ್ಟ್‌ವೇರ್‌ಗೂ ಒಗ್ಗುವ ದೂರದೃಷ್ಟಿಯ ವಿನ್ಯಾಸ' ಎಂದು ಓದಿದಿರಲ್ಲ, ಅದು ಇದೇ ಸ್ವಾಮಿ.

ಮೊನ್ನೆ ನಮ್ಮ ವಿಭಾಗದ ಹೊಸ ಎಂಜಿನಿಯರ್ ಬಂದು ಕೇಳಿದಳು: "ಸಾರ್, ಸಾಫ್ಟ್‌ವೇರ್ ಮೇಡಂ ಎಲ್ಲಾನೂ ಎರಡೆರಡು ಸಲ ಬರೆದುಬಿಟ್ಟಿದ್ದಕ್ಕೇ ಅಲ್ವಾ, ಪಾಪ, ನೀವು ಚಿಪ್ಪನ್ನ ಹೀಗೆ ಮಾಡ್ಬೇಕಾಗಿದ್ದು?" ನಾನು ಏನಂದೆ ಗೊತ್ತೇ? "ಹೂಂ" ಅಂದೆ. ಈ ವಯಸ್ಸಿನಲ್ಲಿ, ಈ ಕುರ್ಚಿಯಲ್ಲಿ ಕೂತು, "ಹೂಂ" ಅಂದೆ. ನಾಚಿಕೆಯಿಂದ ಎರಡು ದಿನ ಅಕ್ಕನ ಮುಖ ನೋಡಲಾಗಲಿಲ್ಲ.

ಅಧ್ಯಕ್ಷರೇ, ಹೊಸ ಚಿಪ್‌ನ ನಕ್ಷೆ ಸೋಮವಾರ ಕಾರ್ಖಾನೆಗೆ ಹೋಗುತ್ತದೆ. ದಯವಿಟ್ಟು ತಡೆಯಿರಿ. ತಪ್ಪು ತೆಗೆದೇ ಕಳಿಸೋಣ. ಸಾಫ್ಟ್‌ವೇರ್ ಗೆಳೆಯರೇ, ನೀವು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ. ಬೈಯಿರಿ, ಆದರೆ ನನ್ನನ್ನು ಬೈಯಿರಿ. ಅಕ್ಕ ಈ ತಿಂಗಳ ಕೊನೆಗೆ ನಿವೃತ್ತಳಾಗುತ್ತಾಳೆ. ಅಷ್ಟರೊಳಗೆ ಆ ಕಡತದಲ್ಲಿ 'ನಿರ್ಲಕ್ಷ್ಯ'ದ ಮುಂದೆ ಅವಳ ಹೆಸರು ಹೊಡೆದು ನನ್ನ ಹೆಸರು ಬರೆಯಿರಿ.

ಅಕ್ಕಾ, ಅಲ್ಲಿಂದ ಸನ್ನೆ ಮಾಡಬೇಡ, ಕಾಣಿಸುತ್ತಿದೆ. ಮೂವತ್ತು ವರ್ಷ ನಿನ್ನ ಮಾತು ಕೇಳಿ ಸುಮ್ಮನಿದ್ದೆ. ಇವತ್ತು ಕೇಳುವುದಿಲ್ಲ.

ಇಷ್ಟು ಹೊತ್ತು ಕಿವಿಗೊಟ್ಟ ನಿಮಗೆಲ್ಲ ಧನ್ಯವಾದ. ನನ್ನ ಅಕ್ಕನಿಗೆ ನಮಸ್ಕಾರ.