ಕೇಳದೆ ಮಾಡುವ ಲಿನಕ್ಸ್

೧೯೯೯ರಲ್ಲಿ ಧರ್ಮಪುರಿ ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ, ತಮ್ಮ ಇಬ್ಬರು ನನ್ನ ಪಕ್ಕದಲ್ಲೇ ಕೂತಿದ್ದರು. ತಮ್ಮನ ಕೈಯಲ್ಲಿ ಕಂಪ್ಯೂಟರ್ ನಡೆಸುವ ಲಿನಕ್ಸ್ ತಂತ್ರಾಂಶದ ಸಿ.ಡಿ. ಇತ್ತು.

"ಹೋದ್ಸಲ ಹಾಕಿದ್ದು ಪ್ರಿಂಟರ್ ಸೇರ್ಸೋಕೆ ನೂರೆಂಟು ಪ್ರಶ್ನೆ ಕೇಳ್ತು. ಒಂದೂ ಅರ್ಥವಾಗ್ಲಿಲ್ಲ."

"ಈ ಹೊಸದು ಏನೂ ಕೇಳಲ್ಲಕ್ಕಾ. ಎಲ್ಲಾ ಅದೇ ಸರಿ ಮಾಡ್ಕೊಂತೈತೆ."

"ಕೇಳ್ದೇನೇ? ನನ್ನ ಸೀರೆ ಅಂಚಿನ ಡಿಸೈನೆಲ್ಲಾ ಕಂಪ್ಯೂಟರಾಗೇ ಐತಲ್ಲೋ. ಅಳಿಸ್ಬಿಟ್ರೆ?"

"ಅಳ್ಸಲ್ಲ."

"ಮಾಡ್ದೋರು ಯಾರು?"

"ಯಾವ್ಯಾವ ದೇಶದೋರೋ. ಕಾಸಿಲ್ದೆ ಕೊಡ್ತಾರೆ."

"ಸುಮ್ಮಾ ಯಾಕ್ ಕೊಡ್ತಾರೆ?"

"ಹೊಸಬ್ರಿಗೆ ಕಷ್ಟ ಆಗ್ಬಾರ್ದು ಅಂತ."

"ನಮ್ ಕಷ್ಟ ಅವ್ರಿಗೆಂಗೆ ಗೊತ್ತು?"

"ನೀನು ಒದ್ದಾಡಿದ್ದನ್ನ ನಾನೇ ಅವ್ರಿಗೆ ಈಮೇಲಲ್ಲಿ ಬರ್ದೆ."

ಅಕ್ಕ ಅವನನ್ನೇ ದಿಟ್ಟಿಸಿದಳು.

"ಡಿಸೈನೂ ಕಳ್ಸಿದ್ಯಾ?"

"ಇಲ್ಲಕ್ಕಾ, ಸತ್ಯವಾಗ್ಲೂ."

ಸೇಲಂ ಬಸ್ಸು ಬಂತು. ಅಕ್ಕ ಸಿ.ಡಿ.ಯನ್ನು ಕಿತ್ತುಕೊಂಡು ತನ್ನ ಚೀಲಕ್ಕೆ ಹಾಕಿಕೊಂಡಳು.

"ನಾನು ಪಕ್ಕದಾಗೆ ಕೂತಾಗ್ಲೇ ಇದನ್ನ ಕಂಪ್ಯೂಟರ್‌ಗೆ ಹಾಕ್ಬೇಕು," ಎಂದು ಬಸ್ಸು ಹತ್ತಿದಳು.