ಪರದೆಯ ಬೆನ್ನ ಮೇಲಿನ ಹೆಸರುಗಳು

ಅಲ್ಲ ಅಜ್ಜ, ಒಳಗೆ ಕಾಲಿಟ್ಟ ತಕ್ಷಣ ಪರದೆ ಎಲ್ಲಿ, ಪರದೆ ಎಲ್ಲಿ ಅಂದ್ರೆ ಹೇಗೆ? ಕೂತ್ಕೊಳ್ಳಿ ಮೊದ್ಲು. ಕುರ್ಚಿ ನಿಮ್ಮ ಹಿಂದೇನೇ ಇದೆ... ನಿಧಾನ... ಹಾಂ. ಎಡಗಡೆ ಮಾತ್ರ ಕೈ ಚಾಚಬೇಡಿ, ಇಸ್ತ್ರಿಪೆಟ್ಟಿಗೆ ಕಾದಿದೆ. ಲಾಂಡ್ರಿ ಅಂದ್ಮೇಲೆ ಇಷ್ಟೇ ನೋಡಿ, ಎಲ್ಲಿ ಮುಟ್ಟಿದ್ರೂ ಒಂದೋ ಒದ್ದೆ, ಇಲ್ಲ ಬಿಸಿ! ನಿಮ್ಮ ಮಗಳು ಸಂಜೆ ಬಂದು ಕರ್ಕೊಂಡು ಹೋಗ್ತೀನಿ ಅಂದ್ರಲ್ಲ. ಹೊತ್ತಿದೆ. ಬೇಕಾದಷ್ಟು ಹೊತ್ತಿದೆ.

ಗೊತ್ತು, ಗೊತ್ತು, ಯಾತಕ್ಕೆ ಬಂದಿದ್ದೀರಿ ಅಂತ ಗೊತ್ತು. ಫೋನಲ್ಲೇ ಹೇಳಿದ್ರಲ್ಲ. ನಿಮ್ಮ ಮಿಲಿಟರಿ ನಾಟಕದ ತಂಡದವರೆಲ್ಲ ಪರದೆಯ ಹಿಂಭಾಗದಲ್ಲಿ ಬಣ್ಣದಿಂದ ತಮ್ಮ ತಮ್ಮ ಅಡ್ಡಹೆಸರು ಬರೀತಿದ್ರು. ಯಾರಾದ್ರೂ ಸತ್ತರೆ, ಉಳಿದವರು ಅವನ ಹೆಸರಿನ ಮೇಲೆ ಕೆಂಪು ದಾರ ಹೊಲೀತಿದ್ರು. ನೀವು ಗಾಯ ಆಗಿ ಆಸ್ಪತ್ರೆ ಸೇರಿದ್ರಿ, ಆಮೇಲೆ ಯಾರು ಹೋದ್ರು, ಯಾರು ಉಳಿದ್ರು, ಒಂದೂ ತಿಳೀಲಿಲ್ಲ. ಈಗ ಒಂದೇ ಒಂದು ಹೆಸರಿಗೆ ದಾರ ಇದೆಯಾ ಇಲ್ವಾ ಅಂತ ಗೊತ್ತಾಗ್ಬೇಕು. ಕಣ್ಣು ಹೋದ್ರೇನಂತೆ, ಬೆರಳು ಇದೆ ಅಂದ್ರಿ... ಮರೆತಿಲ್ಲ ಅಜ್ಜ. ಹೇಗೆ ಮರೀಲಿ?

ಆದ್ರೆ ಮೊದ್ಲು ಇದನ್ನ ಹಿಡೀರಿ. ಹೂಂ, ಎರಡೂ ಕೈಯಲ್ಲಿ. ಏನಿದು ಹೇಳಿ ನೋಡೋಣ?... ನೋಡಿದ್ರಾ! ಮುಟ್ಟಿದ ತಕ್ಷಣ ಕಿರೀಟ ಅಂತ ಗೊತ್ತಾಗ್ಬಿಡ್ತು! ಯಾಕೆ ನಗ್ತೀರಿ? ಬಿಸ್ಕತ್ ಡಬ್ಬಿ ತಗಡಿನದ್ದು ಅಂತಾನಾ? ಇರ್ಲಿ ಬಿಡಿ, ತಗಡಾದ್ರೂ ರಾಜಸಭೆಗೆ ಅದೇ ಚಿನ್ನ. ಇದು ಜಡೆ. ಸೆಣಬಿನ ಹಗ್ಗ ಬಿಡಿಸಿ ಹೆಣೆದಿದ್ದು, ಅಲ್ವಾ? ಗುಜರಿಯವನು ಇದನ್ನ ಪಾತ್ರೆ ಉಜ್ಜೋಕೆ ಇಟ್ಕೊಂಡಿದ್ದ, ಪುಣ್ಯಾತ್ಮ!

ನನಗೆ ಈ ಹಳೇ ನಾಟಕದ ಸಾಮಾನು ಕೂಡಿಡೋ ಹುಚ್ಚು ಯಾಕೆ ಹತ್ತಿತು ಅಂತ ಎಲ್ರೂ ಕೇಳ್ತಾರೆ. ನನ್ನ ಹೆಂಡ್ತಿ ಅಂತೂ, ಊರವರು ಕೊಳೆ ಬಟ್ಟೆ ತಂದು ದುಡ್ಡು ಕೊಡ್ತಾರೆ, ನೀವು ದುಡ್ಡು ಕೊಟ್ಟು ಹರಕು ಬಟ್ಟೆ ತರ್ತೀರಿ ಅಂತ ಅಡ್ಡಾಡಿದಾಗೆಲ್ಲ ಚುಚ್ತಾಳೆ. ನಮ್ಮಪ್ಪನೂ ಮಿಲಿಟರಿಯಲ್ಲಿದ್ರು ಅಜ್ಜ. ನಾಟಕ ಆಡಿದವರಲ್ಲ, ಮಣ್ಣಲ್ಲಿ ಕೂತು ನೋಡಿದವರು. ಯುದ್ಧದ ಮಾತೆತ್ತಿದ್ರೆ ತುಟಿ ಪಿಟಿಕ್ ಅಂತಿರ್ಲಿಲ್ಲ. ನಿಮ್ಮ ಆಟದ ಮಾತೆತ್ತಿದ್ರೋ, ಆಹಾ! ರಾಣಿ ಹೇಗೆ ಬಳುಕ್ತಿದ್ದ, ಮಂತ್ರಿ ಮೀಸೆ ಹೇಗೆ ಉದುರಿಬಿತ್ತು, ಎಲ್ಲಾ ಎದ್ದು ನಿಂತು ಮಾಡಿ ತೋರಿಸೋರು. ಅಷ್ಟು ಹೊತ್ತು ನಾಳೆ ಸಾಯ್ತೀವಿ ಅನ್ನೋದೇ ಮರೆತು ಹೋಗ್ತಿತ್ತು ಅಂತಿದ್ರು. ನಮ್ಮಪ್ಪ ಮನಸಾರೆ ನಕ್ಕಿದ್ದನ್ನ ನಾನು ನೋಡಿದ್ದು ಆವಾಗ ಮಾತ್ರ. ಅದಕ್ಕೇ... ಆ ನಗು ಬಂದಿದ್ದು ಎಲ್ಲಿಂದ ಅಂತ... ಹುಡುಕಿ ಹುಡುಕಿ ತಂದು ಇಟ್ಟೆ.

ಲಂಗ ಸಿಕ್ತಾ ಕೈಗೆ? ಪ್ಯಾರಾಚೂಟ್ ಬಟ್ಟೆ, ಹೇಗೆ ಜಾರುತ್ತೆ ನೋಡಿ. ಏನು... ಮೂಸ್ತಿದ್ದೀರಾ? ಇಲ್ಲ ಅಜ್ಜ, ವಾಸನೆ ಏನೂ ಉಳಿದಿಲ್ಲ. ಒಗೆದೆ. ಚೆನ್ನಾಗಿ ಕಾಣ್ಲಿ ಅಂತ ಒಗೆದೆ... ಮುಖ ಯಾಕೆ ಸಪ್ಪಗಾಯ್ತು?

ಏಳ್ತೀರಾ? ಇನ್ನೊಂದು ಸ್ವಲ್ಪ ಕೂತ್ಕೊಳ್ಳಿ, ಚಹಾ ತರಿಸ್ತೀನಿ. ಬೇಡ್ವಾ?... ಪರದೆ ಹಳೇದು ಅಜ್ಜ, ತುಂಬ ಮುಟ್ಟಿದ್ರೆ... ಅಲ್ಲ, ಮುಟ್ಟಬೇಡಿ ಅನ್ನಲಿಲ್ಲ. ಅಷ್ಟು ದೂರದಿಂದ ಬಂದಿದ್ದೀರಿ. ಆಯ್ತು. ಬನ್ನಿ, ನನ್ನ ಭುಜ ಹಿಡ್ಕೊಳ್ಳಿ.

ಇಗೋ, ಕಂಬಿಗೆ ತೂಗುಹಾಕಿದ್ದೀನಿ. ಗಂಜಿ ಹಾಕಿದ್ದೀನಿ, ಅದಕ್ಕೇ ಇಷ್ಟು ಬಿರುಸು. ಕೈ ಕೊಡಿ, ನಾನು ಓದ್ತೀನಿ, ನೀವು ಮುಟ್ಟಿ. ಇದು 'ತಮಟೆ'. ದಾರ ಇದೆ... ಹೂಂ, ಗಟ್ಟಿ ಹೊಲಿಗೆ. ಇದು 'ಕಡ್ಡಿ'. ದಾರ ಇಲ್ಲ. ಇದು 'ಅತ್ತೆಮ್ಮ'. ಇದೆ. ಇದು 'ರಾಣಿ'. ಇಲ್ಲ.

ಏನಾಯ್ತು?... ಇಲ್ಲ ಅಜ್ಜ, ರಾಣಿ ಮೇಲೆ ದಾರ ಇಲ್ಲ. ಬೇಕಾದ್ರೆ ಇನ್ನೊಂದು ಸಲ ಮುಟ್ಟಿ. ಅಯ್ಯೋ, ಕೆನ್ನೆಯೆಲ್ಲ ಒದ್ದೆ ಆಯ್ತಲ್ಲ! ಅಳ್ತಿದ್ದೀರೋ ನಗ್ತಿದ್ದೀರೋ? ಮತ್ತೆ... ರಾಣಿ ಅಂದ್ರೆ ನೀವೇ ಅಲ್ವಾ? ಕಿರೀಟ ನನ್ನ ಹಣೆ ಕೊಯ್ತಿತ್ತು ಅಂದ್ರಲ್ಲ ಫೋನಲ್ಲಿ?... ಅಳತೆಗೆ ಹಾಕ್ಕೊಂಡು ನೋಡಿದ್ದಾ? ಮಾಡಿದವರು ನೀವು, ಮೆರೆದವನು ಅವನು... ಹೋ. ಆ ಒಂದು ಹೆಸರು... ಇದೇನಾ? ನಿಮ್ಮ ಜೀವದ ಗೆಳೆಯ. ರಾಣಿ.

ಹೂಂ... ಹೌದು. ದಾರ ಇಲ್ಲ ಅಂದ್ರೆ... ಉಳಿದ ಅಂತ್ಲೇ ಅರ್ಥ. ಏನು, ಈಗ್ಲೇ ಮಗಳಿಗೆ ಫೋನ್ ಮಾಡ್ಬೇಕಾ? ಹುಡುಕಿಸ್ತೀರಾ? ಈ ವಯಸ್ಸಲ್ಲಿ ಎಲ್ಲಿ ಅಂತ ಅಜ್ಜ... ಇರ್ಲಿ, ಇರ್ಲಿ, ಖುಷಿಯಾಗಿದ್ದೀರಲ್ಲ, ಅಷ್ಟು ಸಾಕು. ಬನ್ನಿ, ಕೂತ್ಕೊಳ್ಳೋಣ. ಮಿಕ್ಕಿದ್ದನ್ನ ಯಾಕೆ ನೋಡ್ತೀರಿ? ಬೇಡ ಬಿಡಿ ಅಂದ್ರೆ... ಅಲ್ಲಾ, ಅದು 'ಗುಬ್ಬಿ'. ದಾರ ಇದೆ. ಪಾಪ, ಗುಬ್ಬಿ ಅಂತ ಕರೀಬೇಕಾದ್ರೆ ತೀರಾ ಚಿಕ್ಕವನಿದ್ದನೇನೋ.

ಯಾಕೆ ಕೈ ಅಲ್ಲೇ ನಿಂತ್ಬಿಡ್ತು? ಗುಬ್ಬಿ ಯಾರು ಅಜ್ಜ?... ಹೇಳಿ. ಯಾರು ಗುಬ್ಬಿ?... ಅಜ್ಜ?

ನಿಮ್ಮನ್ನೇನಾ... ನಿಮ್ಮನ್ನೇನಾ ಹಾಗೆ ಕರೀತಿದ್ದಿದ್ದು?

ಬೈಯಿರಿ. ಕೆನ್ನೆಗೆ ಎರಡು ಬಾರಿಸಿ ಬೇಕಾದ್ರೆ. ಬೇಕಂತ ಮಾಡಿದ್ದಲ್ಲ ಅಜ್ಜ! ನಮ್ಮ ಕಸುಬಲ್ಲಿ ಬಟ್ಟೆ ಯಾರದ್ದು ಅಂತ ಗುರುತಿಗೆ ಬಣ್ಣದ ದಾರ ಹೊಲೀತೀವಿ. ಬೇರೆ ಲಾಂಡ್ರಿಯ ಗುರುತು ಇರೋ ಬಟ್ಟೆ ಬಂದ್ರೆ, ಮೊದಲ ಕೆಲಸ ಅದನ್ನ ಕಿತ್ತು ಹಾಕೋದು. ಕೈ ತಾನಾಗೇ ಮಾಡುತ್ತೆ. ಪರದೆ ಬಂತು. ಕೆಂಪು ದಾರ ಕಂಡೆ. ಯಾವುದೋ ಮಿಲಿಟರಿ ಲಾಂಡ್ರಿಯ ಗುರುತು ಅಂದ್ಕೊಂಡೆ. ಕಿತ್ತೆ, ಒಗೆದೆ, ಗಂಜಿ ಹಾಕಿ ಇಸ್ತ್ರಿ ತಿಕ್ಕಿದೆ. ಆಮೇಲೆ ಬಂತು ನಿಮ್ಮ ಫೋನು.

ಬರಬೇಡಿ ಅನ್ನೋಕೆ ಬಾಯೇ ಬರ್ಲಿಲ್ಲ. ಎಷ್ಟು ಆಸೆ ಇತ್ತು ನಿಮ್ಮ ದನಿಯಲ್ಲಿ! ಹೊಸ ದಾರ ತಂದು, ಕೈಗೆ ಸಿಕ್ಕ ಹೆಸರುಗಳಿಗೆ ಹೊಲಿದೆ. ರಾಣಿ ಅಂದ್ರೆ ನೀವೇ ಅಂದ್ಕೊಂಡು ಅದೊಂದನ್ನ ಬಿಟ್ಟೆ. ಬದುಕಿರೋರ ಹೆಸರಿಗೆ ಹೇಗೆ ಹೊಲೀಲಿ ಅಂತ...

ಉಗುರಲ್ಲಿ ಕೆರೀಬೇಡಿ ಅಜ್ಜ, ರಾಣಿ ಮೇಲೆ ಹಾಗೆ ಕೆರೀಬೇಡಿ. ಸೂಜಿ ತೂತು ಸಿಗಲ್ಲ. ನಾನೂ ಹುಡುಕಿದೆ. ಬಿಸಿಲಿಗೆ ಹಿಡಿದು ಹುಡುಕಿದೆ. ಗಂಜಿಗೆ ಎಲ್ಲಾ ಮುಚ್ಚಿಹೋಗಿದೆ.

ಇತ್ತಾ, ಇರ್ಲಿಲ್ವಾ ಅಂತಾನಾ? ನನ್ನ ಕಡೆ ಹಾಗೆ ಮುಖ ಮಾಡಿ ನಿಲ್ಲಬೇಡಿ, ನಿಮ್ಮ ದಮ್ಮಯ್ಯ... ನಾನು ಹೆಸರೇ ಓದಿರ್ಲಿಲ್ಲ ಅಜ್ಜ. ದಾರ ನೋಡಿದೆ, ಎಳೆದೆ.