ಬ್ರೇಕಿನೊಳಗಿನ ಗಾಳಿ

ವೇದಿಕೆಯ ಮೇಲಿರುವ ಹಿರಿಯರೇ, ಅಂಚೆ ಕಚೇರಿಯಲ್ಲಿ ನನ್ನ ಜೊತೆ ಒಂದೇ ಕಿಟ್ಲಿಯ ಚಹಾ ಕುಡಿದ ಗೆಳೆಯರೇ, ಸುರಪುರ ರಂಗಂಪೇಟೆಯ ಬಂಧುಗಳೇ, ಮುಂದಿನ ಸಾಲಿನಲ್ಲಿ ಸೆರಗು ಹೊದ್ದು ಕುಳಿತ ತಂಗಿ ಗೊಲ್ಲಾಳಮ್ಮ — ಎಲ್ಲರಿಗೂ ಶರಣು. ಈ ಮೈಕು ಸ್ವಲ್ಪ ಆಚೆ ಸರಿಸ್ರಿ. ನನ್ನ ದನಿ ಗೊತ್ತಿದ್ದವರಿಗೆ ಗೊತ್ತು. ಗೊತ್ತಿಲ್ಲದವರು ಕಿವಿ ಜ್ವಾಕಿ.

ನನ್ನ ಹೆಸರು ಅರ್ಜುನ. ನಮ್ಮಪ್ಪ ನಾಟಕದಲ್ಲಿ ಅರ್ಜುನನ ಪಾರ್ಟು ಮಾಡುತ್ತಿದ್ದ, ಅದೇ ಹೆಸರು ನನಗಿಟ್ಟ. ನಾನು ತೊಟ್ಟಿಲಲ್ಲಿ ಕೇಳಿದ್ದು ಜೋಗುಳವಲ್ಲ, ಗದಾಯುದ್ಧದ ಮಾತು. ಅಂಥ ಬಾಯಿಯವನನ್ನು ತಂದು ಇಲಾಖೆಯವರು ಯಾರ ಪಕ್ಕ ಕೂಡಿಸಿದರು ಗೊತ್ತೇನ್ರಿ? ನೀಲಕಂಠನ ಪಕ್ಕ. ಇಲ್ಲೇ, ಸುರಪುರದ ಪೋಸ್ಟಾಫೀಸಿನಲ್ಲಿ, ನಾನು ರಿಜಿಸ್ಟರ್ ಕೌಂಟರ್, ಅವನು ಉಳಿತಾಯ ಖಾತೆಯ ಕೌಂಟರ್. ನಡುವೆ ಒಂದು ತಂತಿಯ ಜಾಳಿಗೆ. ನಾನು ಒಂದು ಲಕೋಟೆ ತೂಗಿದರೆ ಅದರ ತೂಕ ಬಸ್ ಸ್ಟ್ಯಾಂಡಿಗೆ ಕೇಳುತ್ತಿತ್ತು. ಅವನು ಪಾಸ್‌ಬುಕ್ ತಿರುಗಿ ಕೊಟ್ಟದ್ದು ಇಸಿದುಕೊಂಡವನಿಗೂ ತಿಳಿಯುತ್ತಿರಲಿಲ್ಲ.

ಇಂಥ ಮನುಷ್ಯ — ಇಷ್ಟು ಸುಮ್ಮನಿರುವ ಮನುಷ್ಯ — ಒಂದು ದಿನ ಹೈದರಾಬಾದಿನಿಂದ ಲಾರಿಯ ಮೇಲೆ ಏನು ತಂದ? ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು. ಮೇಲಿನ ಬಟ್ಟೆ ಮಡಚಿದರೆ ಆಕಾಶ. ಅದನ್ನು ಮಾಡಿದ ಕಂಪನಿ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಗಿತ್ತು. ಯಾರದೋ ಬಂಗಲೆಯ ಗೇಟಿನ ಹಿಂದೆ ಧೂಳು ತಿನ್ನುತ್ತ ನಿಂತಿತ್ತಂತೆ. ರಂಗಂಪೇಟೆಯವರು ಬಿಡುತ್ತಾರೇನು? “ಮಾಸ್ತರ, ಕಾರಿನ ಮರಿ ತಂದೀರೇನ್ರಿ? ದೊಡ್ಡದಾಗಾಕ ಎಷ್ಟು ದಿನ ಬೇಕು?” ಅವನು ನಕ್ಕ, ಅಷ್ಟೇ. ಶೆಡ್ಡಿಗೆ ಹಾಕಿದ, ಪಾನಾ ಹಿಡಿದು ನಟ್ಟು ಬಿಚ್ಚಲಿಕ್ಕೆ ಕುಂತ.

ಆ ಕಾರಿನ ಮೈ ತಗಡಿನದಲ್ಲ, ಫೈಬರ್. ತಗಡಾದರೆ ಬಡಿದು ನೆಟ್ಟಗೆ ಮಾಡಬಹುದು. ಫೈಬರ್ ಬಿರಿಯುತ್ತದೆ, ನಮ್ಮ ಬ್ಯಾಸಗಿ ಬಿಸಿಲಿಗೆ ಇನ್ನೂ ಜಲ್ದಿ ಬಿರಿಯುತ್ತದೆ. ಒಂದು ದಿನ ನೋಡುತ್ತೇನೆ — ಬಿರುಕಿನ ಮುಂದೆ ಕುಕ್ಕುರುಗಾಲಲ್ಲಿ ಕುಂತು ಅದನ್ನು ಕೆರೆದು ಇನ್ನಷ್ಟು ಅಗಲ ಮಾಡುತ್ತಿದ್ದಾನೆ. “ಲೇ, ರಿಪೇರಿ ಮಾಡಾಕತ್ತೀಯೋ, ಕೆಡಸಾಕತ್ತೀಯೋ?” ಅಂದೆ. “ಮ್ಯಾಲ ಬಳದ್ರ ಒಳಗ ಹಂಗೇ ಉಳೀತೈತಿ” ಅಂದ. ಕೆರೆದ ಮೇಲೆ ಬಟ್ಟೆಯಂಥದೇನೋ ಇಟ್ಟು, ಅಂಟು ಬಳಿದು, ಒಣಗಿಸಿ, ರಜೆಯ ಎರಡು ಐತವಾರ ಕುಂತು ಉಜ್ಜಿದ. ಕೈ ಆಡಿಸಿದರೆ ಬಿರುಕು ಎಲ್ಲಿತ್ತೆಂದು ತಿಳಿಯುತ್ತಿರಲಿಲ್ಲ.

ಮೇಲಿನ ಬಟ್ಟೆ ಹರಿದಾಗ ಟೇಲರ್ ಖಾಜಾಬೀ ಹತ್ತಿರ ಒಯ್ದ. ಆಕೆ ಕನ್ನಡಕ ಮೂಗಿಗೆ ಇಳಿಸಿ, “ಏನ್ ಸಾಬ್, ಕಾರಿಗೆ ಜಂಪರ್ ಹೊಲೀಬೇಕೇನು?” ಅಂದಳು. ನಮ್ಮ ನೀಲಕಂಠ, ಮುಖದ ಗೆರೆ ಅಲ್ಲಾಡಲಿಲ್ಲ — “ಹೊಲೀರಿ ಖಾಲಾ. ತೋಳು ಬ್ಯಾಡ.”

ನಗ್ರಿ, ನಗ್ರಿ. ಅವನು ಇದ್ದಿದ್ದರೂ ನೀವು ನಗುವುದನ್ನು ನೋಡಿಕೊಂಡು ಕೂಡುತ್ತಿದ್ದ.

ಸಗರದಲ್ಲಿ ನಮ್ಮದೊಂದು ಸಾಮಾಜಿಕ ನಾಟಕ. ನಾನು ಖಳನಾಯಕ. ಖಳನಾಯಕ ಕೆಂಪು ಕಾರಿನಲ್ಲಿ ರಂಗದ ಮುಂದೆ ಬಂದು ಇಳಿಯಬೇಕು, ಇಳಿದು ಗುಡುಗಬೇಕು — ಇದು ನನ್ನ ಹಟ. ಡ್ರೈವರ್ ನೀಲಕಂಠ. ಬಂದೆವು. ಜನ ಸಿಳ್ಳೆ ಹೊಡೆದರು. ರಂಗಕ್ಕೆ ಇನ್ನೂ ಎರಡು ಮಾರು ಇರುವಾಗ ಕಾರು ಗಕ್ಕನೆ ನಿಂತಿತು. ಬಾನೆಟ್ಟಿನಿಂದ ಹೊಗೆ. ಅವನು ಇಳಿದ, ಅಷ್ಟು ಜನರ ಮುಂದೆ ಬಾನೆಟ್ ಎತ್ತಿ ತಲೆ ಒಳಗಿಟ್ಟ. ನಾನು ಏನು ಮಾಡಲಿ? ಕಾರಿನ ಸೀಟಿನ ಮೇಲೆ ನಿಂತು ನನ್ನ ಮಾತು ಶುರು ಮಾಡಿದೆ. ಎರಡು ಪ್ರವೇಶದ ಮಾತು ಅಲ್ಲೇ ಮುಗಿಸಿದೆ, ಅವನು ತಲೆ ಹೊರಗೆ ತೆಗೆಯಲಿಲ್ಲ. ಮರುದಿನ ಊರ ಹಿರಿಯರು ಸಿಕ್ಕರು. “ನಿಮ್ದು ಸುಮಾರು ಆತ್ರಿ. ಆ ಮೆಕ್ಯಾನಿಕ್ ಪಾರ್ಟು ಮಾಡಿದವ ಮಾತ್ರ ಖರೇ ಮೆಕ್ಯಾನಿಕ್ ಕಂಡಂಗ ಕಂಡ ನೋಡ್ರಿ.”

ಹಂಗೇ ನಮ್ಮ ನೌಕರಿ ಮುಗಿಯಿತು. ನಾನು ಶಹಾಪುರಕ್ಕೆ ಹೋಗಿ ಮನೆ ಮಾಡಿದೆ. ಅವನು ರಂಗಂಪೇಟೆಯಲ್ಲೇ ಉಳಿದ — ಅವನು, ಅವನ ತಂಗಿ ಗೊಲ್ಲಾಳಮ್ಮ, ಆ ಕಾರು. ಆಮೇಲೆ ನನ್ನ ಹೆಂಡತಿ ಸುಮಲತಾ ತೀರಿಹೋದಳು.

ಅದನ್ನು ದೊಡ್ಡ ದನಿಯಲ್ಲಿ ಹೇಳಲಿಕ್ಕೆ ಬರುವುದಿಲ್ಲ.

ಇಷ್ಟು ಹೇಳುತ್ತೇನೆ. ಈ ಬಾಯಿ ಮುಚ್ಚಿತು. ಮಾತಾಡಿದರೆ ನನ್ನ ದನಿಯೇ ಗೋಡೆಗೆ ಬಡಿದು ನನಗೇ ತಿರುಗಿ ಬರುತ್ತಿತ್ತು. ಬಾಗಿಲು ಹಾಕಿಕೊಂಡು ಕುಂತೆ. ನಾಟಕದವರು ಕರೆದರು, ಹೋಗಲಿಲ್ಲ. ನೀಲಕಂಠ ಬಾ ಅಂದ, ಒಲ್ಲೆ ಅಂದೆ. ಮತ್ತೆ ಬಾ ಅಂದ, ಫೋನೇ ಎತ್ತಲಿಲ್ಲ.

ಆಗ ಕಾರಿನ ಬ್ರೇಕು ಕೆಡಲಿಕ್ಕೆ ಶುರುವಾಯಿತು.

ಬ್ರೇಕಿನ ಪೈಪಿನೊಳಗೆ ಎಣ್ಣೆ ಇರುತ್ತದೆ. ಅದರಲ್ಲಿ ಗಾಳಿ ಹೊಕ್ಕರೆ ಪೆಡಲ್ ಮೆತ್ತಗಾಗುತ್ತದೆ, ಕಾಲಿಟ್ಟರೆ ತಳಕ್ಕೆ ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ. ಆ ಗಾಳಿ ತೆಗೆಯಲಿಕ್ಕೆ ಇಬ್ಬರು ಬೇಕು. ಒಬ್ಬ ಒಳಗೆ ಕುಂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬ ಗಾಲಿಯ ಹತ್ತಿರ ಮಲಗಿ ಸಣ್ಣದೊಂದು ನಿಪ್ಪಲ್ ಸಡಿಲಿಸಿ ಗಾಳಿ ಹೊರಗೆ ಬಿಡಬೇಕು. ಒಂದು ದಿನ ಫೋನು ಎತ್ತಿದೆ, ನೀಲಕಂಠ: “ಅರ್ಜುನಾ, ಬ್ರೇಕಿನ್ಯಾಗ ಗಾಳಿ ಹೊಕ್ಕೈತಿ. ಒಬ್ಬನ ಕೈಲೆ ಆಗೂ ಕೆಲಸ ಅಲ್ಲ. ಬಾ.”

“ಗೊಲ್ಲಾಳಮ್ಮ ಮನ್ಯಾಗ ಅದಾಳಲ್ಲೋ, ಆಕಿ ಒತ್ತಲಿ” ಅಂದೆ.

“ಆಕಿ ಮೊಣಕಾಲು ಬ್ಯಾನಿ.”

ಬೈಕೊಂಡು ಬಸ್ಸು ಹತ್ತಿದೆ. ನಾನು ಒಳಗೆ ಕುಂತೆ, ಅವನು ಚೀಲ ಹಾಸಿ ಕೆಳಗೆ ಮಲಗಿದ. ಜಾಳಿಗೆಯಾಚೆ ಕೇಳದಿದ್ದ ದನಿ ಈಗ ಕಾರಿನ ಅಡಿಯಿಂದ ಹುಕುಂ ಕೊಡುತ್ತಿತ್ತು. “ಒತ್ತು.” ಒತ್ತಿದೆ. “ಹಿಡಿ.” ಹಿಡಿದೆ. ಹಿಡಿದಾಗ ನಡುವೆ ಒಂದು ಪ್ರಶ್ನೆ — “ನಿನ್ನೆ ಏನ್ ಉಂಡಿ?” ಪೆಡಲ್ ಒತ್ತಿ ಹಿಡಿದ ಮನುಷ್ಯ ಎದ್ದು ಹೋಗುವ ಹಾಗಿಲ್ಲ ನೋಡ್ರಿ. ಉತ್ತರ ಕೊಡಲೇಬೇಕು. “ಚುರುಮುರಿ” ಅಂದೆ. “ಅದು ಊಟಲ್ಲ. ಬಿಡು.” ಮತ್ತೆ ಒತ್ತು. ಮತ್ತೆ ಹಿಡಿ. “ನಿದ್ದಿ ಬರ್ತೈತಿ?” — “ಇಲ್ಲ.” — “ಬಿಡು.”

ಒಬ್ಬರ ಮುಖ ಒಬ್ಬರಿಗೆ ಕಾಣುತ್ತಿರಲಿಲ್ಲ. ಅದಕ್ಕೇ ಹೇಳಿದೆನೇನೋ. ಯಾರಿಗೂ ಹೇಳದ್ದನ್ನೆಲ್ಲ ಆ ಪೆಡಲಿನ ಮೇಲೆ ಕಾಲಿಟ್ಟು ಹೇಳಿದೆ. ಸಂಜಿಗೆ ಗೊಲ್ಲಾಳಮ್ಮನ ಕೈಯ ಬಿಸಿ ರೊಟ್ಟಿ. ಆಮೇಲೆ “ಬ್ರೇಕ್ ಹ್ಯಾಂಗ ಹಿಡೀತೈತಿ ನೋಡೂನು” ಅಂತ ಮೇಲಿನ ಬಟ್ಟೆ ಮಡಚಿ ಶಹಾಪುರದ ತನಕ ಬಂದು ಬಿಟ್ಟು ಹೋಗುತ್ತಿದ್ದ. ತಿಂಗಳು ಕಳೆಯುವುದರೊಳಗೆ ಮತ್ತೆ ಫೋನು. “ಅರ್ಜುನಾ, ಗಾಳಿ ಹೊಕ್ಕೈತಿ.” “ಹಳೇ ಡಬ್ಬಿ, ಮಾರಿ ಒಗಿ ಅದನ್ನ” ಎಂದು ಬೈಯುತ್ತಿದ್ದೆ. ಬಸ್ಸು ಹತ್ತುತ್ತಿದ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು.

ಕಡೆಯ ಫೋನು ಗುರುವಾರ ಬಂತು. “ಗಾಳಿ ಹೊಕ್ಕೈತಿ. ಐತವಾರ ಬಾ.” ಶನಿವಾರ ಮುಂಜಾನೆ ಅವನ ಎದೆ ನಿಂತಿತು. ಐತವಾರ ನಾನು ಬಂದೆ. ಮಣ್ಣು ಕೊಡಲಿಕ್ಕೆ ಬಂದೆ.

ಮೊನ್ನೆ ಮೆಕ್ಯಾನಿಕ್ ಹಾಶಿಮನನ್ನು ಕರೆದುಕೊಂಡು ಶೆಡ್ಡಿಗೆ ಹೋದೆ. ಅಲ್ಲಿ ಹಿಂದೆ ನಿಂತಾನ ನೋಡ್ರಿ, ಬಿಳಿ ಅಂಗಿ. ಅರ್ಧಕ್ಕೆ ನಿಂತ ಕೆಲಸ ಮುಗಿಸೋಣ ಎಂದು ನನ್ನ ಮನಸ್ಸು. ಹಾಶಿಮ ಟಾರ್ಚು ಹಾಕಿ ನಾಲ್ಕೂ ಗಾಲಿ ನೋಡಿದ. “ಸರ್, ಪೈಪ್ ಮಜಬೂತ್ ಐತಿ, ರಬ್ಬರ್ ಹೊಸಾದೈತಿ, ಒಂದು ಹನಿ ಸೋರಿಲ್ಲ. ಗಾಳಿ ಎಲ್ಲಿಂದ ಹೊಗಬೇಕು?” ನಾನು ಗುಡುಗಿದೆ — ವರ್ಷಗಟ್ಟಲೆ ಹೊಕ್ಕೈತಿ, ನೀ ಏನ್ ಹೇಳಾಕತ್ತೀ?

ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು ಗೊಲ್ಲಾಳಮ್ಮ. “ನಾವೇ ಹೊಗಸ್ತಿದ್ವಿ, ಅಣ್ಣಾರ” ಅಂದಳು.

“ಏನ್ ಅಂದಿ, ತಂಗಿ?”

“ಅಣ್ಣ ನಿಪ್ಪಲ್ ಬಿಚ್ಚಿ ಹಿಡೀತಿದ್ದ. ನಾ ಪೆಡಲ್ ಒತ್ತಿ ಬಿಡ್ತಿದ್ದೆ. ಗಾಳಿ ತಾನ ಒಳಗ ಎಳಕೋತಿತ್ತು. ಆಮ್ಯಾಲ ನಿಮಗ ಫೋನ್ ಮಾಡ್ತಿದ್ದ.”

“ನಿನಗ ಮೊಣಕಾಲು ಬ್ಯಾನಿ—”

“ನನ್ನ ಮೊಣಕಾಲಿಗೆ ಏನಾಗಿಲ್ರಿ. ಸುಮಲತಾ ವೈನಿ ಹೋದ ಮ್ಯಾಲ ನೀವು ಮನಿ ಬಿಟ್ಟು ಏಳಾಕ ಒಲ್ಲೆ ಅಂದ್ರಿ. ‘ಬಾ ಅಂದ್ರ ಅವ ಬರೂದಿಲ್ಲ, ಕೆಲಸ ಐತಿ ಅಂದ್ರ ಬರ್ತಾನ’ ಅಂದ ಅಣ್ಣ.”

ಬಂಧುಗಳೇ — ನಾನು ಕಾರಿನೊಳಗೆ ಕುಂತು ಪೆಡಲ್ ಮೇಲೆ ಕಾಲಿಟ್ಟೆ. ತಳಕ್ಕೆ ಹೋಯಿತು. ಹಾಶಿಮ ಮೆಲ್ಲಗೆ, “ಗಾಳಿ ತಗದುಬಿಡ್ಲೇನ್ ಸರ್? ಹತ್ತು ಮಿನಿಟಿನ ಕೆಲಸ” ಅಂದ. ಬ್ಯಾಡ, ಇರ್ಲಿ, ಅಂದೆ. ನನ್ನನ್ನು ಕರೆಯಲಿಕ್ಕೆಂದು ಅವನು ಹೊಗಿಸಿದ ಗಾಳಿ. ಇಷ್ಟು ಮಾತಾಡುವ ಈ ಹೊತ್ತಿಗೂ ಅದು ಆ ಪೈಪಿನೊಳಗೇ ಇದೆ.

ಈಗ ಹೆದ್ದಾರಿ ಹೋಟೆಲಿನವರೊಬ್ಬರು ಆ ಕಾರು ಕೇಳಿದ್ದಾರೆ. ಇಂಜಿನ್ ತೆಗೆದು, ಒಳಗೆ ಮಣ್ಣು ತುಂಬಿ, ಹೂವಿನ ಗಿಡ ಹಚ್ಚಿ ಬಾಗಿಲ ಮುಂದೆ ಇಡುತ್ತಾರಂತೆ. ಜನ ಫೋಟೋ ಹೊಡೆಸಿಕೊಳ್ಳಲಿಕ್ಕೆ. ಸೋಮವಾರ ಉತ್ತರ ಹೇಳಬೇಕು. ನಿನ್ನೆ ಗೊಲ್ಲಾಳಮ್ಮ ಅಂದಳು: “ಕೊಟ್ಟುಬಿಡ್ತೀನಿ ಅಣ್ಣಾರ. ಆ ಶೆಡ್ಡಿನ ಬಾಗಲ ತಗಿಯಾಕ ಮನಸ ಬರವಲ್ಲದು. ಒಬ್ಬಾಕಿ ಅದನ್ನ ಇಟ್ಕೊಂಡು ಏನ್ ಮಾಡ್ಲಿ?” ಶಹಾಪುರಕ್ಕ ಬಾ, ನಾಲ್ಕು ದಿನ ಇದ್ದು ಹೋಗು, ಅಂದೆ. ಒಲ್ಲೆ ಅಂದಳು. ನೆರೆಯವರು ಊಟಕ್ಕೆ ಕರೆದರು. ಒಲ್ಲೆ ಅಂದಳು.

ತಂಗಿ ಗೊಲ್ಲಾಳಮ್ಮ, ಇಲ್ಲಿ ನೋಡು. ಎಲ್ಲರ ಮುಂದೆ ಹೇಳುತ್ತೇನೆ. ಕೊಡಬ್ಯಾಡ ಅನ್ನುವ ಹಕ್ಕು ನನಗಿಲ್ಲ. ಕಾರು ನಿಂದು. ಆದರ ನನಗೊಂದು ಕೆಲಸ ಐತಿ. ನಾಳೆ ಐತವಾರ, ಮುಂಜಾನೆ ಬಸ್ಸಿಗೆ ಬರ್ತೀನಿ. ಈ ಸಲ ನಾ ಚೀಲ ಹಾಸಿ ಕೆಳಗ ಮಲಗ್ತೀನಿ. ಪೆಡಲ್ ಒತ್ತಾಕ ಒಬ್ಬರು ಬೇಕು, ಹಾಶಿಮನ ಕಾಲಿಗೆ ಆ ಕೆಲಸ ತಿಳಿಯಂಗಿಲ್ಲ. ಶೆಡ್ಡಿನ ಬಾಗಲ ತಗದಿಡು.

ಗಾಳಿ ತೆಗೆದ ಮ್ಯಾಲ ಕೊಡೂದಾದ್ರ ಕೊಡು. ಇಟ್ಕೊಂಡ್ರ — ಮುಂದ ಯಾವಾಗರ ಪೆಡಲ್ ಮತ್ತ ಮೆತ್ತಗಾದ್ರ — ನನಗೊಂದು ಫೋನ್ ಮಾಡು. ಗಾಳಿ ಹ್ಯಾಂಗ ಹೊಕ್ಕಿತು ಅಂತ ನಾ ಕೇಳಂಗಿಲ್ಲ.

ಉತ್ತರ ಈಗ ಬ್ಯಾಡ.

ಸಭಿಕರೇ, ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ನಿಲ್ಲಲಿಕ್ಕೆ ಆಸರೆ ಬೇಕಾದ ಹಿರಿಯರು ಕುಳಿತೇ ಇರಲಿ. ನೀಲಕಂಠನ ಹೆಸರಿನಲ್ಲಿ ಸ್ವಲ್ಪ ಹೊತ್ತು ಮೌನ. ನಾನೂ ಮಾತಾಡುವುದಿಲ್ಲ.